ಹೊಳೆಯ ನಾಡಿ ಹಿಡಿದು ನೋಡುವವರು ಯಾರು?

(ಹರಿಹರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ದಣಿದು ಬಂದವರು ಇಲ್ಲಿ ಕುಳಿತಿದ್ದೀರಿ. ಹೊತ್ತಿಗೆ ಮೊದಲೇ ಅಂಗಡಿಯ ಬಾಗಿಲು ಹಾಕಿ ಬಂದವರೂ ಇದ್ದೀರಿ. ಕೂಲಿಯ ಮಾತಿಲ್ಲ, ಬೋನಸ್ಸಿನ ಮಾತಿಲ್ಲ, ಹೊಳೆಯ ವಿಷಯ ಹೇಳುತ್ತಾರಂತೆ, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಅಂದುಕೊಳ್ಳಲಿ. ಆದರೆ ಬೆಳಿಗ್ಗೆ ಎದ್ದು ಮುಖ ತೊಳೆಯುವುದು ಈ ಹೊಳೆಯ ನೀರಿನಲ್ಲಿ, ಅನ್ನ ಬೇಯುವುದು ಈ ನೀರಿನಲ್ಲಿ, ಹೋಟೆಲಿನ ಚಹಾ ಕುದಿಯುವುದು ಈ ನೀರಿನಲ್ಲಿ. ಸಾಹುಕಾರನು ಡಬ್ಬಿಯ ನೀರು ತರಿಸಿ ಕುಡಿದಾನು. ಕೂಲಿಯವನಿಗೆ ನಲ್ಲಿಯ ನೀರೇ ಗತಿ. ಆದ್ದರಿಂದ ಹೊಳೆಯ ಆರೋಗ್ಯದ ಮಾತು ನಮ್ಮ ಮನೆಯ ಆರೋಗ್ಯದ ಮಾತೇ ಆಗಿದೆ.

"ಗಂಗಾ ಸ್ನಾನ, ತುಂಗಾ ಪಾನ" ಎಂದು ಹಿರಿಯರು ಹೇಳುತ್ತಿದ್ದರು. ಮೀಯುವುದಾದರೆ ಗಂಗೆಯಲ್ಲಿ, ಕುಡಿಯುವುದಾದರೆ ತುಂಗೆಯನ್ನು ಎಂದರ್ಥ. ಆ ಮಾತು ಇಂದಿಗೂ ನಿಜವೇ? ಮಾಲಿನ್ಯ ಮಂಡಳಿಯವರನ್ನು ಕೇಳಿದರೆ ಒಂದು ಅಂಕಿ ಹೇಳುತ್ತಾರೆ. ಕಾರ್ಖಾನೆಯವರನ್ನು ಕೇಳಿದರೆ "ನಮ್ಮ ನೀರು ನಿಯಮದ ಒಳಗೇ ಇದೆ" ಎನ್ನುತ್ತಾರೆ. ಬಲೆ ಬೀಸುವವನನ್ನು ಕೇಳಿದರೆ ಖಾಲಿ ಬುಟ್ಟಿ ತೋರಿಸುತ್ತಾನೆ. ಮೂರು ಬಾಯಿಂದ ಮೂರು ಉತ್ತರ. ಹಾಗಾದರೆ ಹೊಳೆ ಆರೋಗ್ಯವಾಗಿದೆಯೋ ಇಲ್ಲವೋ ಎಂದು ನಿರ್ಣಯಿಸುವುದು ಹೇಗೆ? ಇಂದು ನಾವು ವಿಚಾರ ಮಾಡಬೇಕಾದದ್ದು ಇಷ್ಟೇ.

ಮೊದಲು ನಮ್ಮ ಹೊಳೆಯ ಮೇಲೆ ಏನೇನು ಹೊರೆ ಇದೆ ಎಂಬುದನ್ನು ನೋಡೋಣ. ತುಂಗೆ ಮತ್ತು ಭದ್ರೆ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಭದ್ರೆಯ ದಾರಿಯಲ್ಲಿ ಕುದುರೆಮುಖದ ಕಬ್ಬಿಣದ ಗಣಿಯಿತ್ತು. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಅದು ನಿಂತಿತು. ಅಲ್ಲಿಯವರೆಗೆ ಮಳೆಗಾಲದಲ್ಲಿ ಕೆಂಪು ಹೂಳು ಹೊಳೆಗೆ ಇಳಿಯುತ್ತಿತ್ತು. ಕೆಳಗೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಅದರ ಕೆಳಗೆ ಭದ್ರಾವತಿ. ಅತ್ತ ತುಂಗೆಯ ದಡದಲ್ಲಿ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ. ಕೂಡಲಿಯಲ್ಲಿ ಇಬ್ಬರೂ ಒಂದಾಗಿ ಹೊನ್ನಾಳಿಯ ಮೇಲಿಂದ ನಮ್ಮ ಹರಿಹರಕ್ಕೆ ಬರುತ್ತಾರೆ. ಎದುರು ದಡದ ಕುಮಾರಪಟ್ಟಣದಲ್ಲಿ 1972ರಿಂದ ಮರದ ತಿರುಳು ಮಾಡುವ ಕಾರ್ಖಾನೆಯಿದೆ. ಈ ಉದ್ದಕ್ಕೂ ಊರುಗಳ ಚರಂಡಿ, ಗದ್ದೆಗಳಿಂದ ಇಳಿಯುವ ಗೊಬ್ಬರ ಮತ್ತು ಔಷಧಿಯ ನೀರು, ಹೊಳೆಯ ಹೊಟ್ಟೆಯನ್ನೇ ಬಗೆಯುವ ಮರಳಿನ ಲಾರಿಗಳು. ಚರಂಡಿ, ಕಾರ್ಖಾನೆ, ಗೊಬ್ಬರ, ಮರಳು, ಅಣೆಕಟ್ಟು: ಐದು ಹೊರೆಗಳನ್ನು ಹೊತ್ತು ಈ ತಾಯಿ ನಡೆಯುತ್ತಿದ್ದಾಳೆ.

ಇನ್ನು ಪರೀಕ್ಷೆಯ ಮಾತು. ನಾವು ಮೇಷ್ಟರಾಗಿದ್ದವರು, ಪರೀಕ್ಷೆ ಎಂದರೆ ನಮಗೆ ಸ್ವಲ್ಪ ಗೊತ್ತು. ಹೊಳೆಯ ಪರೀಕ್ಷೆಯಲ್ಲಿ ಮೊದಲನೆಯದು ಸೀಸೆಯ ಪರೀಕ್ಷೆ. ನೀರನ್ನು ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಒಯ್ದು ಅಳೆಯುವುದು.

ನೀರಿನಲ್ಲಿ ಗಾಳಿ ಕರಗಿರುತ್ತದೆ. ಮೀನು ಉಸಿರಾಡುವುದು ಆ ಕರಗಿದ ಆಮ್ಲಜನಕವನ್ನು. ನಮ್ಮ ಸೀಮೆಯ ಬಿಸಿಲಿಗೆ ಒಂದು ಲೀಟರ್ ಒಳ್ಳೆಯ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅದು 4ಕ್ಕಿಂತ ಕೆಳಗಿಳಿದರೆ ಮೀನು ಕಂಗೆಡುತ್ತದೆ. 2ಕ್ಕಿಂತ ಇಳಿದರೆ ಹೆಚ್ಚಿನವು ಸಾಯುತ್ತವೆ. ಕೊಳೆ ನೀರಿಗೆ ಬಿದ್ದಾಗ ಅದನ್ನು ತಿನ್ನಲು ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಟ್ಟುತ್ತವೆ. ತಿನ್ನುವವರಿಗೂ ಉಸಿರು ಬೇಕಷ್ಟೆ! ಅವು ಹೊಳೆಯ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಎಷ್ಟು ಕೊಳೆಯೋ ಅಷ್ಟು ಖರ್ಚು. ಈ ಖರ್ಚಿನ ಲೆಕ್ಕಕ್ಕೆ ಬಿ.ಓ.ಡಿ. ಎಂದು ಹೆಸರು. ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರಗಿದ ಆಮ್ಲಜನಕವು ಪೆಟ್ಟಿಗೆಯಲ್ಲಿರುವ ರೊಕ್ಕ, ಬಿ.ಓ.ಡಿ. ಎಂಬುದು ತೀರಿಸಬೇಕಾದ ಸಾಲ. ಸಾಲವು ರೊಕ್ಕವನ್ನು ಮೀರಿದ ದಿನ ಅಂಗಡಿ ದಿವಾಳಿ.

ಒಂದು ಲೆಕ್ಕ ಹಾಕೋಣ. ಒಂದು ಲಕ್ಷ ಜನರ ಊರು ಎಂದು ಇಟ್ಟುಕೊಳ್ಳಿ. ತಲೆಗೆ ದಿನಕ್ಕೆ 100 ಲೀಟರ್ ಕೊಳೆನೀರು ಎಂದರೆ ಒಂದು ಕೋಟಿ ಲೀಟರ್ ಆಯಿತು. ಶುದ್ಧಿ ಮಾಡದ ಊರಿನ ಚರಂಡಿಯ ಬಿ.ಓ.ಡಿ. ಲೀಟರಿಗೆ 250 ಮಿಲಿಗ್ರಾಂ ಎಂದು ಹಿಡಿದರೆ, ದಿನಕ್ಕೆ 2500 ಕಿಲೋ ಆಮ್ಲಜನಕದ ಸಾಲ. ಲೀಟರಿಗೆ 8 ಮಿಲಿಗ್ರಾಮಿನಂತೆ ಈ ಸಾಲ ತೀರಿಸಲು 31 ಕೋಟಿ ಲೀಟರ್ ಒಳ್ಳೆಯ ನೀರು ತನ್ನ ಉಸಿರನ್ನೆಲ್ಲ ಕೊಡಬೇಕು. ಹರಿಯುವ ಹೊಳೆ ಗಾಳಿಯಿಂದ ಮತ್ತೆ ಉಸಿರು ತುಂಬಿಕೊಳ್ಳುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ತೊರೆಯಂತೆ ಹರಿಯುವಾಗ ಅದಕ್ಕೆ ಎಷ್ಟು ಶಕ್ತಿ ಉಳಿದೀತು?

ಕಾರ್ಖಾನೆಯವರು ಹೇಳುವ "ನಿಯಮದ ಒಳಗೆ" ಎಂಬ ಮಾತನ್ನೂ ಇಲ್ಲಿ ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ನಿಯಮ ಬಿ.ಓ.ಡಿ. 30. ಇಂಥ ನಿಯಮಗಳ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿಯ ರಾಜ ಆಯೋಗವೊಂದು 1912ರಲ್ಲಿ ಬಿ.ಓ.ಡಿ. 20 ಇರಬೇಕೆಂದು ಹೇಳಿತು. ಆದರೆ ಅದರ ಜೊತೆಗೇ ಒಂದು ಷರತ್ತು ಹಾಕಿತ್ತು: ಬಿಡುವ ಕೊಳೆನೀರಿಗೆ ಎಂಟು ಪಾಲು ಹೊಳೆಯ ನೀರಾದರೂ ಬೆರೆಯುವಂತಿರಬೇಕು. ಅಂಕಿ ಉಳಿಯಿತು, ಷರತ್ತು ಮರೆತುಹೋಯಿತು. ಮೇ ತಿಂಗಳಲ್ಲಿ ಹೊಳೆಯೇ ಬತ್ತಿರುವಾಗ ಎಂಟು ಪಾಲು ನೀರು ಎಲ್ಲಿಂದ ಬರಬೇಕು? ನಿಯಮದ ಒಳಗೇ ಇದ್ದುಕೊಂಡು ಹೊಳೆಯನ್ನು ಕೊಲ್ಲಲು ಸಾಧ್ಯವಿದೆ ಎಂಬುದನ್ನು ನಾವು ಮರೆಯಬಾರದು.

ಸೀಸೆಯ ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಬೇಕೇ ಬೇಕು. ಆದರೆ ಸೀಸೆಯನ್ನು ಎಲ್ಲಿ ತುಂಬಿದಿರಿ, ಎಷ್ಟು ಹೊತ್ತಿಗೆ ತುಂಬಿದಿರಿ, ಯಾವ ತಿಂಗಳಲ್ಲಿ ತುಂಬಿದಿರಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅಂಕಿಯನ್ನು ನಂಬಬಾರದು.

ಎಲ್ಲಿ? ಕೊಳವೆಯ ಬಾಯಲ್ಲೇ ಹೊಳೆ ಹೆಚ್ಚು ಕೆಟ್ಟಿರುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಉಸಿರಿನ ಲೆಕ್ಕದಲ್ಲಿ ಹಾಗಿಲ್ಲ. ಕೊಳೆ ಹರಿಯುತ್ತ ಹರಿಯುತ್ತ ಕೊಳೆಯುತ್ತದೆ. ಆಮ್ಲಜನಕ ಅತಿ ಕಡಿಮೆಯಾಗುವುದು ಎಷ್ಟೋ ದೂರ ಕೆಳಗೆ. ಅಮೆರಿಕದ ಓಹಿಯೋ ನದಿಯನ್ನು ಅಭ್ಯಾಸ ಮಾಡಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬವರು 1925ರಲ್ಲೇ ಇದನ್ನು ಗಣಿತದಿಂದ ತೋರಿಸಿದರು. ತಪ್ಪು ಮಾಡುವುದು ಒಂದು ಊರು, ಉಸಿರು ಕಟ್ಟುವುದು ಕೆಳಗಿನ ಹಳ್ಳಿಗೆ.

ಯಾವ ಹೊತ್ತಿಗೆ? ಗೊಬ್ಬರದ ನೀರು ಬಿದ್ದ ಕಡೆ ಹಸಿರು ಪಾಚಿ ಬೆಳೆಯುತ್ತದೆ. ಹಗಲು ಬಿಸಿಲಿಗೆ ಆ ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿಯಿಡೀ ತಾನೇ ಅದನ್ನು ಹೀರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಜೀಪಿನಲ್ಲಿ ಬಂದು ಸೀಸೆ ತುಂಬಿದರೆ ಹೊಳೆ ಗಟ್ಟಿಮುಟ್ಟಾಗಿ ಕಾಣುತ್ತದೆ. ಅದೇ ಹೊಳೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತದೆ.

ಯಾವ ತಿಂಗಳು? ಮಳೆಗಾಲದ ತುಂಬು ಹೊಳೆಗೂ ಬೇಸಿಗೆಯ ಹೊಳೆಗೂ ಸರಾಸರಿ ತೆಗೆದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆರು ತಿಂಗಳು ಹೊಟ್ಟೆ ತುಂಬ ಉಂಡು ಆರು ತಿಂಗಳು ಉಪವಾಸವಿದ್ದವನು ಸರಾಸರಿಯಲ್ಲಿ ಅರೆಹೊಟ್ಟೆ ಉಂಡ ಎಂದು ಹೇಳಿದಂತೆ!

ಇಲ್ಲಿಗೆ ಎರಡನೆಯ ಪರೀಕ್ಷೆ ಬರುತ್ತದೆ. ಅದು ಜೀವಿಗಳ ಪರೀಕ್ಷೆ. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ ಮಕ್ಕಳೆಲ್ಲ ಹಾಜರಿರುತ್ತಾರೆ, ಗೋಡೆಗೆ ಸುಣ್ಣ ಬಳಿದಿರುತ್ತದೆ. ಶಾಲೆಯ ನಿಜಸ್ಥಿತಿ ತಿಳಿಯಬೇಕಾದರೆ ವರ್ಷದ ಹಾಜರಿ ಪುಸ್ತಕ ತೆಗೆದು ನೋಡಬೇಕು. ಸೀಸೆಯ ಪರೀಕ್ಷೆ ಇನ್ಸ್‌ಪೆಕ್ಟರ್ ಬಂದ ದಿನದ ಹಾಗೆ. ಹೊಳೆಯ ಕಲ್ಲಿನ ಅಡಿಯಲ್ಲಿ ಬಾಳುವ ಹುಳುಗಳು ಹಾಜರಿ ಪುಸ್ತಕದ ಹಾಗೆ. ಅವು ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ನಡುರಾತ್ರಿಯಲ್ಲಿ ಯಾರೋ ಕೊಳವೆಯ ತೂಬು ಬಿಚ್ಚಿದರೆ ಬೆಳಗಿನ ಸೀಸೆಗೆ ಅದು ತಿಳಿಯದೆ ಹೋದೀತು. ಆದರೆ ಸತ್ತ ಹುಳು ಬೆಳಿಗ್ಗೆ ಎದ್ದು ಬಂದು ಹಾಜರಿ ಹೇಳುವುದಿಲ್ಲ.

ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿದ್ವಾಂಸರು 1900ರ ನಂತರದ ಹತ್ತು ವರ್ಷಗಳೊಳಗೆ ಈ ವಿಧಾನಕ್ಕೆ ತಳಹದಿ ಹಾಕಿದರು. ಯಾವ ಜೀವಿ ಎಷ್ಟು ಕೊಳೆಯನ್ನು ತಾಳುತ್ತದೆ ಎಂದು ಪಟ್ಟಿ ಮಾಡಿದರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇಂಥ ಹುಳುಗಳ ಕುಟುಂಬಗಳನ್ನು ಎಣಿಸಿ ಹೊಳೆಗೆ ಐದು ದರ್ಜೆ ಕೊಡುವ ವಿಧಾನವನ್ನು ಇಟ್ಟುಕೊಂಡಿದೆ. ಇದು ದೊಡ್ಡ ವಿದ್ವಾಂಸರಿಗೆ ಮಾತ್ರ ಸಾಧ್ಯವಾದ ಕೆಲಸವೂ ಅಲ್ಲ. ಮೊಣಕಾಲುದ್ದ ನೀರಿನಲ್ಲಿ ಇಳಿದು ಒಂದು ಕಲ್ಲನ್ನು ಎತ್ತಿ ಮಗುಚಿ ನೋಡಿ. ಬಾಲದಲ್ಲಿ ಮೂರು ಎಳೆಯಿರುವ ಸಣ್ಣ ಚಪ್ಪಟೆ ಹುಳು ಇದೆಯೇ? ಅದಕ್ಕೆ ಇಂಗ್ಲಿಷಿನಲ್ಲಿ ಮೇಫ್ಲೈ ಎಂದು ಹೆಸರು. ಮರಳಿನ ಕಾಳುಗಳನ್ನು ಅಂಟಿಸಿಕೊಂಡು ಗೂಡು ಕಟ್ಟಿಕೊಂಡ ಹುಳು ಇದೆಯೇ? ಇವು ಹಲವು ಬಗೆಯಾಗಿ ಇದ್ದರೆ ಹೊಳೆಗೆ ಉಸಿರಿದೆ ಎಂದು ತಿಳಿಯಿರಿ. ಇವೆಲ್ಲ ಮಾಯವಾಗಿ, ಕೆಸರಿನಲ್ಲಿ ತಲೆಯಿಟ್ಟು ಬಾಲ ಆಡಿಸುವ ದಾರದಂಥ ಕೆಂಪು ಹುಳುಗಳೇ ರಾಶಿರಾಶಿಯಾಗಿದ್ದರೆ, ಕಲ್ಲಿನ ಮೇಲೆ ಬೂದು ಬಣ್ಣದ ಲೋಳೆ ಜೋತುಬಿದ್ದಿದ್ದರೆ, ಅಲ್ಲಿ ಹೊಳೆ ಚರಂಡಿಯಾಗಿದೆ ಎಂದೇ ಲೆಕ್ಕ. ಕೆಲವು ಕೆಂಪು ಹುಳುಗಳಿಗೆ ನಮ್ಮ ರಕ್ತದಲ್ಲಿರುವಂಥದೇ ಕೆಂಪು ವಸ್ತು ಇರುವುದರಿಂದ ಅವು ಅಷ್ಟು ಕಡಿಮೆ ಆಮ್ಲಜನಕದಲ್ಲೂ ಬದುಕುತ್ತವೆ. ಜೀವ ಎಷ್ಟಿದೆ ಎಂದು ನೋಡಿದರೆ ಸಾಲದು. ಎಷ್ಟು ಬಗೆಯ ಜೀವವಿದೆ ಎಂದು ನೋಡಬೇಕು.

ಮೂರನೆಯದು ಹೊಳೆಯ ಮೈಕಟ್ಟಿನ ಪರೀಕ್ಷೆ. ನೀರು ಶುದ್ಧವಾಗಿದ್ದರೂ ಹರಿವು ಇಲ್ಲದಿದ್ದರೆ, ಮರಳು ಇಲ್ಲದಿದ್ದರೆ ಹೊಳೆ ಬದುಕುವುದಿಲ್ಲ. ಮೀನು ಮೊಟ್ಟೆಯಿಡುವುದು ಮರಳು, ಜಲ್ಲಿಯ ನಡುವೆ. ಹುಳು ಬಾಳುವುದು ಕಲ್ಲಿನ ಸಂದಿನಲ್ಲಿ. ಮರಳು ಬಗೆದು ಗುಂಡಿ ಮಾಡಿದರೆ ಮನೆಯನ್ನೇ ಕಿತ್ತಂತಾಯಿತು. ಹೂಳು ಬಂದು ಸಂದು ಮುಚ್ಚಿದರೆ ಬಾಗಿಲಿಗೆ ಗೋಡೆ ಕಟ್ಟಿದಂತಾಯಿತು. ಹೂಳು ಎಷ್ಟೆಂಬುದಕ್ಕೆ ಹೊಸಪೇಟೆಯ ತುಂಗಭದ್ರಾ ಜಲಾಶಯವೇ ಸಾಕ್ಷಿ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ.

ಯುರೋಪಿನ ದೇಶಗಳು 2000ದಲ್ಲಿ ಮಾಡಿಕೊಂಡ ನೀರಿನ ಕಾನೂನಿನಲ್ಲಿ ಈ ಮೂರೂ ಸೇರಿವೆ. ಅಲ್ಲಿ ಒಂದು ಕಟ್ಟುನಿಟ್ಟಿನ ಮಾತೂ ಇದೆ: ಯಾವ ವಿಷಯದಲ್ಲಿ ಹೊಳೆಗೆ ಅತಿ ಕಡಿಮೆ ಅಂಕ ಬಂತೋ ಅದೇ ಹೊಳೆಯ ದರ್ಜೆ. ಗಣಿತದಲ್ಲಿ ನಪಾಸಾದವನನ್ನು ಡ್ರಾಯಿಂಗಿನ ಅಂಕ ಸೇರಿಸಿ ಪಾಸು ಮಾಡುವ ಹಾಗಿಲ್ಲ. ನಮ್ಮಲ್ಲಿ ಕೇಂದ್ರ ಮಂಡಳಿಯು ಹೊಳೆ ಕೆಟ್ಟಿದೆಯೆಂದು ಪಟ್ಟಿ ಮಾಡುವುದು ಮುಖ್ಯವಾಗಿ ಬಿ.ಓ.ಡಿ. ಒಂದನ್ನೇ ನೋಡಿ. ಅದು 3ನ್ನು ಮೀರಿದರೆ ಪಟ್ಟಿಗೆ ಸೇರುತ್ತದೆ. ಆ ಸಡಿಲ ಜರಡಿಯಲ್ಲೇ 2018ರ ಪಟ್ಟಿಯಲ್ಲಿ ದೇಶದ 351 ನದಿಭಾಗಗಳು ಸಿಕ್ಕಿಬಿದ್ದವು. ಅದರಲ್ಲಿ ಕರ್ನಾಟಕದವು 17. ತುಂಗೆ, ಭದ್ರೆ, ತುಂಗಭದ್ರೆ ಮೂವರೂ ಅಲ್ಲಿದ್ದರು. ಹರಿಹರದಿಂದ ಕೊರ್ಲಹಳ್ಳಿಯವರೆಗಿನ ನಮ್ಮ ಹೊಳೆಯ ಭಾಗವೂ ಇತ್ತು. 2022ರ ಪಟ್ಟಿಯಲ್ಲಿ ದೇಶದ ಲೆಕ್ಕ 311ಕ್ಕೆ ಇಳಿದರೂ ಕರ್ನಾಟಕದ 17 ಹದಿನೇಳಾಗಿಯೇ ಉಳಿಯಿತು. ಹುಳುಗಳ ಹಾಜರಿಯನ್ನೂ ಮರಳಿನ ಲೆಕ್ಕವನ್ನೂ ಸೇರಿಸಿದರೆ ಪಟ್ಟಿ ಎಷ್ಟು ಉದ್ದವಾದೀತು ಎಂದು ನೀವೇ ಯೋಚಿಸಿ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. "ಹೊಳೆ ಹೊಳೆ ಎಂದು ಕೂಗಿದರೆ ಕಾರ್ಖಾನೆ ಮುಚ್ಚುತ್ತಾರೆ. ಹೊಟ್ಟೆಗೇನು?" ಈ ಪ್ರಶ್ನೆಯನ್ನು ತಳ್ಳಿಹಾಕುವವರು ಕಾರ್ಮಿಕರ ಸಭೆಯಲ್ಲಿ ಮಾತಾಡಲು ಯೋಗ್ಯರಲ್ಲ. ಕೇರಳದ ಮಾವೂರಿನಲ್ಲಿ ಚಾಲಿಯಾರ್ ಹೊಳೆಯ ದಡದಲ್ಲಿ ನಮ್ಮ ಎದುರು ದಡದಂಥದೇ ತಿರುಳಿನ ಕಾರ್ಖಾನೆ 1963ರಲ್ಲಿ ಶುರುವಾಯಿತು. ಹೊಳೆ ಕೆಟ್ಟಿತು. ವಾಳಕ್ಕಾಡಿನ ಪಂಚಾಯತಿ ಅಧ್ಯಕ್ಷರಾಗಿದ್ದ ಕೆ. ಎ. ರೆಹಮಾನ್ ಜನರನ್ನು ಕಟ್ಟಿಕೊಂಡು ವರ್ಷಾನುಗಟ್ಟಲೆ ಹೋರಾಡಿ 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆದರೆ 1985ರಲ್ಲಿ ಅದೇ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿದ್ದು ಹೊಳೆಗಾಗಿ ಅಲ್ಲ. ಕಾರ್ಮಿಕರೊಡನೆ ಎದ್ದ ವಿವಾದದಿಂದ. ಆಗ ಬೀದಿಗೆ ಬಿದ್ದ ಕೆಲಸಗಾರರಲ್ಲಿ ಜೀವ ಕಳೆದುಕೊಂಡವರೂ ಇದ್ದರು. ಕೊನೆಗೆ 2001ರಲ್ಲಿ ಅದು ಪೂರ್ತಿ ಮುಚ್ಚಿತು. ಹೊಳೆ ಹಾಳಾಗುವಾಗ ದಡದ ಜನ ಸೋತರು. ಬಾಗಿಲು ಹಾಕುವಾಗ ಕೆಲಸಗಾರರು ಸೋತರು. ಹೊಳೆಯನ್ನು ಬಲಿ ಕೊಟ್ಟದ್ದರಿಂದ ಕೆಲಸವೇನೂ ಉಳಿಯಲಿಲ್ಲ. ನೀರನ್ನು ಶುದ್ಧಮಾಡುವ ಖರ್ಚನ್ನು ಹೊಳೆಯ ತಲೆಗೆ ಕಟ್ಟುವ ಮಾಲಿಕನು ನಾಳೆ ನಷ್ಟದ ಖರ್ಚನ್ನು ಕಾರ್ಮಿಕನ ತಲೆಗೆ ಕಟ್ಟಲು ಹಿಂಜರಿಯುವವನಲ್ಲ. ಶುದ್ಧೀಕರಣ ಘಟಕ ಹಗಲು ರಾತ್ರಿ ನಡೆಯಬೇಕೆಂಬ ಬೇಡಿಕೆ ಬೋನಸ್ಸಿನ ಬೇಡಿಕೆಯ ಪಕ್ಕದಲ್ಲೇ ನಿಲ್ಲಬೇಕಾದದ್ದು ಇದಕ್ಕಾಗಿ. ಅದು ನಿಂತಿದೆಯೋ ನಡೆಯುತ್ತಿದೆಯೋ ಎಂಬುದು ಒಳಗಿರುವ ಕೆಲಸಗಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ದಡದಲ್ಲೂ ಜನ ಸುಮ್ಮನಿರಲಿಲ್ಲ. ಮೀನು ಸತ್ತು ತೇಲಿದಾಗ, ಕೆಳಗಿನ ಹಳ್ಳಿಗಳವರು ನೀರಿನ ಬಣ್ಣ, ವಾಸನೆಗಳ ದೂರು ಹೊತ್ತು ಬಂದಾಗ 1984ರಲ್ಲಿ ಸಮಾಜ ಪರಿವರ್ತನ ಸಮುದಾಯದವರು ಮೀನುಗಾರರನ್ನೂ ರೈತರನ್ನೂ ಕೂಡಿಸಿ ಚಳವಳಿ ಹೂಡಿದರು. ಆಗ ಮೊದಲ ಸಾಕ್ಷಿ ಹೇಳಿದ್ದು ಪ್ರಯೋಗಶಾಲೆಯಲ್ಲ. ಬಲೆ ಮತ್ತು ಮೂಗು.

ಎಲ್ಲ ದೋಷವನ್ನೂ ಕಾರ್ಖಾನೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ನಾವು ಆಗಲೇ ಹಾಕಿದ ಲೆಕ್ಕ ಊರಿನ ಚರಂಡಿಯದು. ಮಾರುಕಟ್ಟೆಯ ಕೊಳೆ, ಹೋಟೆಲಿನ ಎಂಜಲು, ಪ್ಲಾಸ್ಟಿಕ್ ಚೀಲ ಎಲ್ಲ ಅದರಲ್ಲೇ ಸೇರಿ ಹೊಳೆಗೆ ಇಳಿಯುತ್ತದೆ. ಅಂಗಡಿಯವರು ತೆರಿಗೆ ಕೊಡುತ್ತಾರೆ. ಆ ತೆರಿಗೆಯಿಂದ ಚರಂಡಿ ನೀರು ಶುದ್ಧವಾಗುತ್ತಿದೆಯೇ ಎಂದು ನಗರಸಭೆಯನ್ನು ಕೇಳುವ ಹಕ್ಕೂ ಅವರಿಗಿದೆ, ಹೊಣೆಯೂ ಇದೆ.

ಇಷ್ಟೆಲ್ಲ ಕೆಟ್ಟ ಮೇಲೆ ಹೊಳೆ ಮತ್ತೆ ಬದುಕೀತೇ? ಬದುಕುತ್ತದೆ. ಲಂಡನ್ನಿನ ಥೇಮ್ಸ್ ನದಿ ಜೀವವಿಲ್ಲದ್ದೆಂದು ಅಲ್ಲಿನ ನಿಸರ್ಗ ವಸ್ತುಸಂಗ್ರಹಾಲಯದವರು 1957ರಲ್ಲಿ ಸಾರಿದ್ದರು. ಊರಿನ ಕೊಳೆನೀರನ್ನು ಶುದ್ಧಮಾಡುವ ಸ್ಥಾವರಗಳನ್ನು ಹಣ ಹಾಕಿ ಹೊಸದಾಗಿ ಕಟ್ಟಿದರು. 1974ರಲ್ಲಿ, ಎಷ್ಟೋ ತಲೆಮಾರುಗಳಿಂದ ಕಾಣದಿದ್ದ ಸಾಲ್ಮನ್ ಮೀನು ಅಲ್ಲಿ ಮತ್ತೆ ಸಿಕ್ಕಿತು. ನಮ್ಮ ಹೊಳೆಯಲ್ಲೂ ಜೀವ ಆರಿಲ್ಲ. ಜಲಾಶಯದ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿ.ಮೀ. ಉದ್ದಕ್ಕೆ ನೀರುನಾಯಿಗಳು ಇನ್ನೂ ಇವೆಯೆಂದು 2015ರಲ್ಲಿ ಸರಕಾರವೇ ಅದನ್ನು ರಕ್ಷಿತ ಪ್ರದೇಶವೆಂದು ಸಾರಿತು. ನೀರುನಾಯಿ ಇದೆ ಎಂದರೆ ಮೀನಿದೆ. ಮೀನಿದೆ ಎಂದರೆ ಹುಳುವಿದೆ. ಹುಳುವಿದೆ ಎಂದರೆ ಉಸಿರಿದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಒಂದು: ಊರಿನ ಮೇಲುಗಡೆ ಒಂದು, ಚರಂಡಿ ಸೇರುವ ಕೆಳಗಡೆ ಒಂದು, ಇನ್ನೂ ಕೆಲವು ಮೈಲಿ ಕೆಳಗೆ ಒಂದು, ಹೀಗೆ ಮೂರು ಜಾಗ ಗೊತ್ತುಮಾಡಿ ತಿಂಗಳಿಗೊಮ್ಮೆ ಹೋಗಿ ಕಲ್ಲು ಮಗುಚಿ ನೋಡೋಣ. ಏನು ಕಂಡಿತು, ವಾಸನೆ ಹೇಗಿತ್ತು, ನೀರು ಎಷ್ಟಿತ್ತು ಎಂದು ಎರಡಾಣೆಯ ನೋಟ್‌ಬುಕ್ಕಿನಂಥ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆಯೋಣ. ಶಾಲೆಯ ಹುಡುಗರನ್ನೂ ಕರೆದೊಯ್ಯೋಣ. ಎರಡು: 1974ರ ಜಲ ಮಾಲಿನ್ಯ ಕಾಯಿದೆಯಲ್ಲಿ, ಯಾವ ಕೊಳವೆಗೆ ಯಾವ ಷರತ್ತಿನ ಮೇಲೆ ಸಮ್ಮತಿ ಕೊಟ್ಟಿದೆ ಎಂಬ ದಾಖಲೆ ಪುಸ್ತಕವನ್ನು ಮಂಡಳಿಯವರು ಇಡಬೇಕು, ಬಾಧೆಗೆ ಒಳಗಾದ ಯಾರೇ ಬಂದು ಕೇಳಿದರೂ ತೋರಿಸಬೇಕು ಎಂದಿದೆ. ಹೋಗಿ ಕೇಳೋಣ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಮೂರು: ಸೀಸೆ ತುಂಬಲು ಬರುವವರು ಬೇಸಿಗೆಯಲ್ಲಿ ಬರಲಿ, ನಸುಕಿನಲ್ಲಿ ಬರಲಿ, ಕೆಳಗಿನ ಹಳ್ಳಿಯ ಹತ್ತಿರಕ್ಕೂ ಬರಲಿ, ಹುಳುಗಳ ಲೆಕ್ಕವನ್ನೂ ತೆಗೆದು ಊರಿನ ಚಾವಡಿಯಲ್ಲಿ ಕನ್ನಡದಲ್ಲಿ ಬರೆದು ಹಾಕಲಿ ಎಂದು ಒತ್ತಾಯಿಸೋಣ.

ರೋಗಿಯ ನಾಡಿಯನ್ನು ವೈದ್ಯನು ಹಿಡಿದು ನೋಡಲಿ, ಬೇಡವೆನ್ನುವವರು ಯಾರು? ಆದರೆ ಮನೆಯಲ್ಲಿ ತಾಯಿ ಮಲಗಿದ್ದಾಗ ಮಕ್ಕಳು ಹಣೆ ಮುಟ್ಟಿ ಜ್ವರ ನೋಡಲು ಯಾರ ಚೀಟಿಯೂ ಬೇಕಾಗಿಲ್ಲ. "ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇಕೆ" ಎಂದು ಹಿರಿಯರು ಗಾದೆ ಕಟ್ಟಿದರು. ನೀರು ಕುಡಿಯಲು ಅಪ್ಪಣೆ ಬೇಡವಾದರೆ, ಆ ನೀರು ಹೇಗಿದೆ ಎಂದು ನೋಡಿ ಹೇಳಲೂ ಅಪ್ಪಣೆ ಬೇಡ. ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಹೊಳೆಯ ದಡದಲ್ಲಿ ಸೇರೋಣ. ಪಂಚೆ ಮೇಲೆ ಕಟ್ಟಿಕೊಂಡು ಬನ್ನಿ.